ಪಿಸ್ಟನ್ ಜಾಮ್ ಆದಾಗ ಬಲ ಹಾಕಬೇಡಿ

(ಹಂಗಾಮಿನ ಪೂರ್ವಸಿದ್ಧತೆಗಾಗಿ ಕರೆದಿದ್ದ ಉಮರ್ಗಾ, ನಿಲಂಗಾ, ಉದಗೀರ ಭಾಗದ ಸದಸ್ಯರ ಮೇಳಾವದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿವರ್ಷ ಈ ಮೇಳಾವದಲ್ಲಿ ನಾನು ಎದ್ದು ನಿಂತರೆ ಬೀಜದ ಕಬ್ಬು, ಗೊಬ್ಬರದ ಕಂತು, ಕುಳೆ ಬೆಳೆಯ ಆರೈಕೆ ಎಂದು ಮಾತು ಆರಂಭವಾಗುವುದು ರೂಢಿ. ಆ ವಿಷಯಗಳನ್ನು ನಮ್ಮ ಸಿಬ್ಬಂದಿಯವರು ಊರೂರಿಗೆ ಬಂದು ಹೇಳಲಿದ್ದಾರೆ. ಇಂದು ನಾನು ಮಾತನಾಡುವುದು ಕಾರಿನ ಬ್ರೇಕಿನ ವಿಷಯ. ಕಬ್ಬಿನ ಸಾಹೇಬರಿಗೆ ಬ್ರೇಕಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ.

ಕಳೆದ ಹಂಗಾಮಿನ ಜನವರಿ ತಿಂಗಳು. ನಾನು ಒಂದು ಹೊಲದಲ್ಲಿ ಕಟಾವಿನ ತಂಡದ ಜೊತೆ ನಿಂತಿದ್ದೆ. ನಿಲಂಗಾ ಕಡೆಯ ಸದಸ್ಯರೊಬ್ಬರು ಫೋನ್ ಮಾಡಿದರು. ಮನೆಯ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ತಂದು ತಾವೇ ಹಾಕಲು ಕುಳಿತಿದ್ದರು. "ಸಾಹೇಬ್ರ, ಪಿಸ್ಟನ್ ಹಿಂದಕ್ಕ ಹೋಗಲಕತ್ತಿಲ್ರಿ. ಹೊಸಾ ಪ್ಯಾಡ್ ಕೂಡಲಕತ್ತಿಲ್ಲ. ಏನ್ ಮಾಡ್ಲಿ?" ಎಂದರು. ನನಗೆ ಅವಸರ. ಕಡಿದ ಕಬ್ಬು ಹೊಲದಲ್ಲಿ ಬಿದ್ದಿತ್ತು, ಟ್ರಾಲಿ ಬಂದಿರಲಿಲ್ಲ. "ಕ್ಲಾಂಪಿನ ಹಿಡಿಗೆ ಪೈಪ್ ಹಾಕಿ ತಿರುವ್ರಿ, ಹೋಗ್ತದ" ಎಂದೆ. ಅವರು ಹಾಗೆಯೇ ಮಾಡಿದರು. ಪಿಸ್ಟನ್ ಹೋಯಿತು, ಪ್ಯಾಡ್ ಕುಳಿತಿತು. ಸಂಜೆ ಫೋನ್ ಮಾಡಿ ನನ್ನನ್ನು ಹೊಗಳಿದರು ಕೂಡ.

ಹನ್ನೆರಡು ದಿನಗಳ ಬಳಿಕ ಅವರು ತಾಯಿಯ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಉದಗೀರದಿಂದ ರಾತ್ರಿ ಊರಿಗೆ ಹೊರಟಿದ್ದರು. ದಾರಿಯಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ಸುಟ್ಟ ವಾಸನೆ ಬಂತು. ಇನ್ನೇನು ಊರು ಬಂತಲ್ಲ ಎಂದು ಓಡಿಸಿದರು. ಹಳ್ಳದ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಎದುರಿಗೆ ಹಿಂದೀಪವಿಲ್ಲದ ಕಬ್ಬಿನ ಟ್ರಾಲಿ ನಿಂತಿತ್ತು. ಬ್ರೇಕ್ ಒತ್ತಿದರೆ ಪೆಡಲು ಮೆತ್ತಗೆ ತಳ ಮುಟ್ಟಿತು. ಹ್ಯಾಂಡ್ ಬ್ರೇಕ್ ಎಳೆದು ಗಾಡಿಯನ್ನು ಪಕ್ಕದ ತೊಗರಿ ಹೊಲಕ್ಕೆ ಇಳಿಸಿದರು. ತಾಯಿಯ ಮುಂಗೈ ಮುರಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ.

ಮರುದಿನ ನಾನು ಮನೆಗೆ ಹೋದೆ. ಅವರು ನನ್ನನ್ನು ಬೈಯಲಿಲ್ಲ. "ನೀವು ಹೇಳಿದ್ರಿ ಅಂತ ಒತ್ತಿದೆ ಸಾಹೇಬ್ರ" ಎಂದರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಕೃಷಿ ಪದವೀಧರ. ಬ್ರೇಕಿನ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಕಾರ್ಖಾನೆಯ ಅಧಿಕಾರಿ ಹೇಳಿದ ಮಾತನ್ನು ತಾವು ನಂಬುತ್ತೀರಿ. ತಿಳಿಯದ್ದನ್ನು ತಿಳಿದವನಂತೆ ಹೇಳಿದ್ದು ನನ್ನ ತಪ್ಪು. ಆ ಬಳಿಕ ನಾನು ಹಲವು ಭಾನುವಾರ ಒಬ್ಬ ಅನುಭವಿ ಮಿಸ್ತ್ರಿಯ ಹತ್ತಿರ ಕುಳಿತು ಈ ಕೆಲಸ ಕಲಿತೆ. ಆ ಸದಸ್ಯರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ.

ಬ್ರೇಕ್ ಕೆಲಸ ಮಾಡುವ ರೀತಿ

ನಮ್ಮ ಕಾರ್ಖಾನೆಯ ಗಾಣಗಳನ್ನು ತಾವು ನೋಡಿದ್ದೀರಿ. ಮೇಲಿನ ರೋಲರನ್ನು ಎಣ್ಣೆಯ ಒತ್ತಡದಿಂದ ಕಬ್ಬಿನ ಮೇಲೆ ಅದುಮಿ ಹಿಡಿದಿರುತ್ತೇವೆ. ಟ್ರಾಲಿ ಎತ್ತಿ ಸುರಿಯುವ ಜಾಕಿಯೂ ಅದೇ ತತ್ತ್ವದ್ದು. ಕಾರಿನ ಬ್ರೇಕೂ ಅದೇ. ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲಿನ ಒತ್ತಡ ಸಣ್ಣ ಕೊಳವೆಗಳಲ್ಲಿ ಹರಿದು ಗಾಲಿಯ ಹತ್ತಿರ ಬರುತ್ತದೆ. ಅಲ್ಲಿ ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆ ಇದೆ. ಅದೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡ ಇಕ್ಕಳವೇ ಕ್ಯಾಲಿಪರ್. ಅದರೊಳಗಿನ ಲೋಟದಂಥ ಪಿಸ್ಟನ್ ಮುಂದೆ ಸರಿದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ.

ಈ ವಿಚಾರ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ತಾಸಿನ ಓಟದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗಾಡಿ ಗೆದ್ದ ಮೇಲೆ ಇದರ ಬಲ ಲೋಕಕ್ಕೆ ತಿಳಿಯಿತು. ಇಂದು ನಮ್ಮ ಭಾಗದ ಕಾರು, ಜೀಪು, ಪಿಕಪ್ ಗಾಡಿಗಳ ಮುಂದಿನ ಗಾಲಿಗಳಿಗೆ ಸಾಮಾನ್ಯವಾಗಿ ಇದೇ ಬ್ರೇಕ್. ಅನೇಕ ಮೋಟಾರ್ ಸೈಕಲ್ಲುಗಳಿಗೂ ಬಂದಿದೆ. ಟ್ರಾಕ್ಟರಿನ ಬ್ರೇಕ್ ಬೇರೆ ಬಗೆಯದು. ಇಂದಿನ ಮಾತನ್ನು ಅದಕ್ಕೆ ಹಚ್ಚಬೇಡಿ.

ಬ್ರೇಕ್ ಮಾಡುವ ಕೆಲಸ ಎಷ್ಟು ದೊಡ್ಡದು ನೋಡಿ. 1500 ಕಿಲೋ ತೂಕದ ಗಾಡಿ ತಾಸಿಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಿಂದ ಅರ್ಧ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ನಿಲ್ಲಿಸಿದ ಮೇಲೆ ಪ್ಯಾಡ್ ಡಿಸ್ಕನ್ನು ಬಿಟ್ಟರೆ ಗಾಳಿಗೆ ಈ ಶಾಖ ಆರುತ್ತದೆ. ಬಿಡದಿದ್ದರೆ ಏರುತ್ತಲೇ ಹೋಗುತ್ತದೆ.

ಬಿಡಿಸುವವರು ಯಾರು? ಇದು ನನಗೂ ತಿಳಿದಿರಲಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಉಂಗುರ, ಅಂದರೆ ಸೀಲ್ ಇದೆ. ಪಿಸ್ಟನ್ ಮುಂದೆ ಹೋದಾಗ ಆ ರಬ್ಬರ್ ತುಸು ತಿರುಚಿಕೊಳ್ಳುತ್ತದೆ. ಪೆಡಲು ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತದೆ. ಇಡೀ ಗಾಡಿಯ ಬ್ರೇಕ್ ಬಿಡುವುದು ಈ ರಬ್ಬರಿನ ಮೇಲೆ ನಿಂತಿದೆ. ಅದು ಹರಿದರೆ, ಉಬ್ಬಿದರೆ, ಅದರ ಬಳಿ ತುಕ್ಕು ಕೂತರೆ ಬ್ರೇಕ್ ಬಿಡುವುದಿಲ್ಲ.

ಹೊಸ ಪ್ಯಾಡ್ ಹಾಕುವಾಗಲೇ ಜಾಮ್ ಕಾಣುವುದೇಕೆ?

ಪ್ಯಾಡ್ ಸವೆದಂತೆ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ನಿಲ್ಲುತ್ತದೆ. ಹೊರಗೆ ಬಂದ ಭಾಗಕ್ಕೆ ರಬ್ಬರಿನ ಧೂಳುಟೋಪಿ ಇದೆ. ಮಿಸ್ತ್ರಿಗಳು ಅದನ್ನು ಬೂಟ್ ಎನ್ನುತ್ತಾರೆ. ಬೂಟ್ ಹರಿದರೆ ನಮ್ಮ ಎರೆಮಣ್ಣಿನ ಕೆಸರು, ಹೊಲದ ದಾರಿಯ ಧೂಳು, ತೊಳೆದ ನೀರು ಒಳಗೆ ಸೇರಿ ಪಿಸ್ಟನ್ ಮೈಗೆ ತುಕ್ಕು ಹತ್ತುತ್ತದೆ. ಹೊರಗಿರುವ ತನಕ ಆ ತುಕ್ಕು ತೊಂದರೆ ಕೊಡದೆ ಇರಬಹುದು. ಹೊಸ ಪ್ಯಾಡ್ ದಪ್ಪ. ಅದು ಕೂಡಬೇಕಾದರೆ ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳಬೇಕು. ಆಗ ತುಕ್ಕು ಹಿಡಿದ ಮೈಯೇ ಸೀಲಿನ ಮೂಲಕ ಒಳಗೆ ಹೋಗಬೇಕು. ಅದಕ್ಕೇ ಬಿಗಿ. ಪೈಪ್ ಹಾಕಿ ಒತ್ತಿದರೆ ಹೋಗುತ್ತದೆ ನಿಜ. ಹೋಗುತ್ತ ಸೀಲನ್ನು ಗೀರಿಕೊಂಡು ಹೋಗುತ್ತದೆ. ಮರಳಿ ಬರುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ.

ನಮ್ಮ ಸದಸ್ಯರ ಗಾಡಿಯಲ್ಲಿ ಆದದ್ದು ಇದೇ. ಎಡಗಾಲಿಯ ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇತ್ತು. ಅದಕ್ಕೇ ಗಾಡಿ ಎಡಕ್ಕೆ ಎಳೆಯಿತು, ವಾಸನೆ ಬಂತು. ಶಾಖ ಬ್ರೇಕ್ ಆಯಿಲಿಗೆ ಹತ್ತಿ ಅದು ಕುದಿಯಿತು. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಒತ್ತಡ ಗಾಲಿಗೆ ಮುಟ್ಟುವುದಿಲ್ಲ. ಪೆಡಲು ತಳ ಹಿಡಿದದ್ದು ಹೀಗೆ. ಅವರ ಕಾರಿನ ಹ್ಯಾಂಡ್ ಬ್ರೇಕ್ ತಂತಿಯಿಂದ ಹಿಂದಿನ ಗಾಲಿಯನ್ನು ಹಿಡಿಯುತ್ತದೆ. ಅದಕ್ಕೆ ಆಯಿಲಿನ ಹಂಗಿಲ್ಲ. ಅದೇ ಅವರನ್ನು ಉಳಿಸಿತು.

ಬ್ರೇಕ್ ಆಯಿಲಿನ ಬಗ್ಗೆ ಇನ್ನೊಂದು ಮಾತು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ ಡಾಟ್ 3 ಎಂದಿದ್ದರೆ ಹೊಸದಾಗಿದ್ದಾಗ ಅದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೂರಕ್ಕೆ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಅದೇ ನೀರು ಒಳಗಿನಿಂದ ಪಿಸ್ಟನ್ನಿಗೂ ತುಕ್ಕು ಹಚ್ಚುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ತಮ್ಮ ಗಾಡಿಯ ಪುಸ್ತಕದಲ್ಲಿ ಬರೆದ ಅವಧಿಯನ್ನೂ, ಬರೆದ ಡಾಟ್ ಸಂಖ್ಯೆಯನ್ನೂ ಪಾಲಿಸಿರಿ. ಮುಚ್ಚಳ ತೆಗೆದು ವರ್ಷಗಟ್ಟಲೆ ಇಟ್ಟ ಡಬ್ಬಿಯ ಆಯಿಲ್ ಬಳಸಬೇಡಿ.

ಮೊದಲು ಹೆಗಲು ನೋಡಿ

ನಮ್ಮ ಉದಗೀರ ಭಾಗ ದೇವಣಿ ದನಗಳ ನಾಡು. ದುಡಿಯುವ ಎತ್ತು ಒಂದು ಮುಂಜಾನೆ ನೊಗಕ್ಕೆ ಹೆಗಲು ಕೊಡದಿದ್ದರೆ ತಿಳಿದ ಒಕ್ಕಲಿಗ ಬಾರುಕೋಲು ಎತ್ತುವುದಿಲ್ಲ. ಮೊದಲು ಹೆಗಲು ನೋಡುತ್ತಾನೆ. ಹುಣ್ಣು ಇದೆಯೋ, ಬಾವು ಇದೆಯೋ ಎಂದು ಮುಟ್ಟಿ ನೋಡುತ್ತಾನೆ. ಹಿಂದೆ ಸರಿಯದ ಪಿಸ್ಟನ್ನಿಗೂ ಇದೇ ನ್ಯಾಯ. ಜಾಮ್ ಎಂದೊಡನೆ ಪಿಸ್ಟನ್ನನ್ನೇ ದೂರಬೇಡಿ. ಅಡಚಣೆ ಮೂರು ಕಡೆ ಇರಬಹುದು.

ಒಂದು: ಕ್ಯಾಲಿಪರ್ ಸರಿದಾಡುವ ಪಿನ್ನುಗಳು. ಬಹಳ ಗಾಡಿಗಳಲ್ಲಿ ಪಿಸ್ಟನ್ ಒಂದೇ ಬದಿಗೆ ಇರುತ್ತದೆ. ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನು ಒತ್ತುತ್ತದೆ. ಪಿನ್ನಿನ ಗ್ರೀಸ್ ಒಣಗಿದರೆ ಅದು ಸರಿಯುವುದಿಲ್ಲ. ಒಂದೇ ಗಾಲಿಯ ಎರಡು ಪ್ಯಾಡುಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಸವೆದಿದ್ದರೆ ಪಿನ್ ಮತ್ತು ಪಿಸ್ಟನ್ ಎರಡನ್ನೂ ಪರೀಕ್ಷಿಸಿರಿ. ಪಿನ್ನು ಕೈಯಿಂದಲೇ ಸರಾಗವಾಗಿ ಸರಿಯಬೇಕು.

ಎರಡು: ಗಾಲಿಯ ಹತ್ತಿರದ ರಬ್ಬರ್ ಹೋಸ್. ಹಳೆಯ ಹೋಸ್ ಹೊರಗೆ ನೆಟ್ಟಗಿದ್ದರೂ ಒಳಗೆ ಊದಿ ದಾರಿ ಮುಚ್ಚಿರಬಹುದು. ಕೆಂಪು ಕೊಳೆ ರೋಗದ ಕಬ್ಬನ್ನು ಸೀಳಿ ನೋಡದೆ ತಿಳಿಯದಲ್ಲವೇ, ಹಾಗೆ. ಪೆಡಲಿನ ಬಲ ಆಯಿಲನ್ನು ಗಾಲಿಗೆ ದಾಟಿಸುತ್ತದೆ, ಆದರೆ ಅದು ಮರಳಿ ಬರುವುದಿಲ್ಲ.

ಮೂರು: ಪಿಸ್ಟನ್ ಸ್ವತಃ.

ಎರಡನೆಯದನ್ನೂ ಮೂರನೆಯದನ್ನೂ ಬೇರ್ಪಡಿಸುವ ಸುಲಭ ಪರೀಕ್ಷೆ ಇದೆ. ಕ್ಯಾಲಿಪರಿನ ಮೇಲೆ ಗಾಳಿ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ಪಾರದರ್ಶಕ ಕೊಳವೆ ಹಚ್ಚಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸಿ, ಪಿಸ್ಟನ್ನನ್ನು ಮೆಲ್ಲಗೆ ಒತ್ತಿರಿ. ಈಗ ಸರಾಗವಾಗಿ ಹೋದರೆ ಪಿಸ್ಟನ್ ನಿರ್ದೋಷಿ. ಅಡ್ಡಿ ಹೋಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇದೆ. ಈಗಲೂ ಹೋಗದಿದ್ದರೆ ಪಿಸ್ಟನ್ನೇ ಜಾಮ್. ಒತ್ತಿದ್ದನ್ನು ಬಿಡುವ ಮೊದಲೇ ನಿಪ್ಪಲ್ ಬಿಗಿ ಮಾಡಿರಿ, ಇಲ್ಲವಾದರೆ ಗಾಳಿ ಒಳಸೇರುತ್ತದೆ.

ಕೆಲಸದ ಕ್ರಮ

1. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಡಿರಿ. ಜಾಕಿನ ಮೇಲಷ್ಟೇ ಭರವಸೆ ಬೇಡ. ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಲಿ. ಎರೆಭೂಮಿಯಲ್ಲಿ ಜಾಕ್ ಕುಸಿಯುತ್ತದೆ, ಹೊಲದಲ್ಲಿ ಈ ಕೆಲಸ ಮಾಡಲೇಬೇಡಿ.

2. ಬಿಚ್ಚಿದ ಕ್ಯಾಲಿಪರನ್ನು ಹೋಸಿಗೆ ಜೋತು ಬಿಡಬೇಡಿ. ತಂತಿಯಿಂದ ಕಟ್ಟಿ ತೂಗುಹಾಕಿರಿ. ಪ್ಯಾಡಿನ ಧೂಳನ್ನು ಬಾಯಿಂದಾಗಲಿ ಪಂಕ್ಚರ್ ಅಂಗಡಿಯ ಗಾಳಿಯಿಂದಾಗಲಿ ಊದಬೇಡಿ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿರಿ.

3. ಬೂಟ್ ನೋಡಿರಿ. ಹರಿದಿದ್ದರೆ ಅಲ್ಲಿಗೇ ನಿಲ್ಲಿಸಿರಿ. ಪಿಸ್ಟನ್ ಹೊರಗೆ ತೆಗೆದು ನೋಡದೆ ಒಳಗೆ ತಳ್ಳಬಾರದು.

4. ಬೂಟ್ ಗಟ್ಟಿಯಿದ್ದು ಪಿಸ್ಟನ್ ಬರೀ ಬಿಗಿಯಾಗಿದ್ದರೆ, ಪಿಸ್ಟನ್ ಮುಂದೆ ಹಳೆಯ ಪ್ಯಾಡನ್ನೋ ಕಟ್ಟಿಗೆಯ ತುಂಡನ್ನೋ ಅಡ್ಡ ಇಟ್ಟು, ಇನ್ನೊಬ್ಬರಿಂದ ಪೆಡಲನ್ನು ನಿಧಾನ ಒತ್ತಿಸಿ ಕೆಲವೇ ಮಿಲಿಮೀಟರ್ ಹೊರಗೆ ತರಿಸಿರಿ. ಕಂಡ ಮೈಯನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಮತ್ತೆ ಕ್ಲಾಂಪಿನಿಂದ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿರಿ. ಹೀಗೆ ನಾಲ್ಕಾರು ಸಲ ಮಾಡಿದರೆ ಬರೀ ಕೊಳೆಯ ಬಿಗಿಯಾಗಿದ್ದರೆ ಬಿಡುತ್ತದೆ. ಬಿಡದಿದ್ದರೆ ಅದು ತುಕ್ಕು.

5. ಪಿಸ್ಟನ್ ಹಿಂದೆ ಸರಿದಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಅದು ಉಕ್ಕಿ ಚೆಲ್ಲಿದರೆ ಗಾಡಿಯ ಬಣ್ಣವನ್ನು ತಿನ್ನುತ್ತದೆ. ಮೊದಲೇ ಸ್ವಲ್ಪ ತೆಗೆದಿಡಿರಿ.

6. ಹಿಂದಿನ ಗಾಲಿಗೂ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಅದೇ ಪಿಸ್ಟನ್ನಿಗೆ ಜೋಡಿಸಿರುತ್ತದೆ. ಅಂಥದ್ದನ್ನು ನೇರ ಒತ್ತಿದರೆ ಒಳಗಿನ ಮರೆ ಮುರಿಯುತ್ತದೆ. ಅದನ್ನು ತಿರುಗಿಸುತ್ತ ಒಳಗೆ ಕಳಿಸಬೇಕು. ಬಟನ್ ಹ್ಯಾಂಡ್ ಬ್ರೇಕಿನ ಹೊಸ ಕಾರುಗಳನ್ನು ತಿಳಿದ ಗ್ಯಾರೇಜಿಗೇ ಒಯ್ಯಿರಿ.

7. ಪ್ಯಾಡನ್ನು ಎಡ ಬಲ ಎರಡೂ ಗಾಲಿಗೆ ಒಟ್ಟಿಗೇ ಬದಲಿಸಿರಿ. ಪಿನ್ನಿಗೆ ಬ್ರೇಕಿಗೆಂದೇ ಇರುವ ಶಾಖ ತಡೆಯುವ ಗ್ರೀಸ್ ಸ್ವಲ್ಪವೇ ಹಚ್ಚಿರಿ. ಪ್ಯಾಡಿಗೂ ಡಿಸ್ಕಿಗೂ ಒಂದು ಹನಿ ಗ್ರೀಸ್ ತಾಗಬಾರದು.

8. ಎಲ್ಲ ಬಿಗಿ ಮಾಡಿದ ಮೇಲೆ, ಗಾಡಿ ಚಾಲು ಮಾಡುವ ಮೊದಲು, ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಿರಿ. ಒಳಗೆ ತಳ್ಳಿದ ಪಿಸ್ಟನ್ ಮರಳಿ ಪ್ಯಾಡಿಗೆ ಮುಟ್ಟುವ ತನಕ ಬ್ರೇಕ್ ಇರುವುದಿಲ್ಲ. ಇದನ್ನು ಮರೆತು ಅಂಗಳದಲ್ಲಿಯೇ ಗೋಡೆಗೆ ಗುದ್ದಿಸಿದವರು ಇದ್ದಾರೆ. ನಂತರ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿರಿ. ತುಸು ಸವರಿದ ಸದ್ದು ಇರಬಹುದು, ಬಿಗಿ ಇರಬಾರದು.

ಮಾಡಬಾರದ ಕೆಲಸಗಳು

ಪಿಸ್ಟನ್ನಿಗೆ ಪಾಲೀಶ್ ಕಾಗದ ಉಜ್ಜಬೇಡಿ. ಕಬ್ಬಿಣದ ಪಿಸ್ಟನ್ ಮೇಲಿನ ಹೊಳಪು ಲೇಪ ಹೋದರೆ ತುಕ್ಕು ಬೇಗನೆ ಮರಳುತ್ತದೆ. ಗುಳಿ ಬಿದ್ದ ಪಿಸ್ಟನ್ ಬದಲಿಸಬೇಕು. ಸೀಲು, ಬೂಟು ಹೊಸದಾಗಬೇಕು. ಕ್ಯಾಲಿಪರಿನ ಒಳಗೋಡೆಯೇ ತಿಂದಿದ್ದರೆ ಪೂರ್ತಿ ಕ್ಯಾಲಿಪರ್ ಬದಲಿಸಬೇಕು.

ಸೀಲಿಗೆ ಇಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಸಾದಾ ಗ್ರೀಸ್ ತಾಗಿಸಬೇಡಿ. ಆ ರಬ್ಬರ್ ಅವುಗಳಿಂದ ಉಬ್ಬುತ್ತದೆ. ಔಷಧಿ ಸಿಂಪಡಿಸುವ ಪಂಪಿನ ವಾಶರ್ ತಪ್ಪು ಎಣ್ಣೆಗೆ ಉಬ್ಬಿ ಕೆಟ್ಟದ್ದನ್ನು ತಾವು ಕಂಡಿದ್ದೀರಿ. ಬ್ರೇಕ್ ಆಯಿಲ್ ಡಬ್ಬಿಗೆ ಬೇರೆ ಎಣ್ಣೆ ಸುರಿದರೆ ಇಡೀ ಬ್ರೇಕಿನ ರಬ್ಬರೆಲ್ಲ ಹೋಗುತ್ತದೆ.

ಜಾಮಾದ ಪಿಸ್ಟನ್ನನ್ನು ಟಯರ್ ಗಾಳಿಯಿಂದ ಹೊಡೆದು ತೆಗೆಯಬೇಡಿ. ಅದು ಬಂದೂಕಿನ ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಪೆಡಲಿನ ಆಯಿಲ್ ಒತ್ತಡದಿಂದ ತೆಗೆಯುವುದೇ ಕ್ಷೇಮ.

ಹಂಗಾಮಿಗೆ ಮುನ್ನ

ನಮ್ಮಲ್ಲಿ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಪತ್ರಾಸಿನ ಕೆಳಗೆ ನಿಂತಿರುತ್ತದೆ. ಹಂಗಾಮು ಶುರುವಾದೊಡನೆ ಹಗಲು ರಾತ್ರಿ ಓಡುತ್ತದೆ. ಜಾಮಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ನಿಂತ ಗಾಡಿಯನ್ನು ಎಂಟು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಓಡಿಸಿ, ಬ್ರೇಕ್ ಒತ್ತಿ ನಿಲ್ಲಿಸಿರಿ. ತೊಳೆದ ಕೂಡಲೇ ಮೂಲೆಗೆ ನಿಲ್ಲಿಸದೆ, ಒಂದು ಸುತ್ತು ಹೋಗಿ ಬ್ರೇಕ್ ಒಣಗಿಸಿ ನಿಲ್ಲಿಸಿರಿ. ಪ್ಯಾಡ್ ಪೂರ್ತಿ ಸವೆಯುವ ತನಕ ಕಾಯಬೇಡಿ. ಪಿಸ್ಟನ್ ಎಷ್ಟು ಹೊರಗೆ ಬರುತ್ತದೋ ಅಷ್ಟು ತುಕ್ಕಿಗೆ ಎಡೆ.

ಓಡಿಸಿ ಬಂದ ಮೇಲೆ ಎಡಬಲದ ಗಾಲಿಗಳ ಹತ್ತಿರ ಅಂಗೈ ಒಯ್ದು ನೋಡಿರಿ, ಮುಟ್ಟಬೇಡಿ. ಒಂದು ಗಾಲಿಯ ಕಾವು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಗಾಡಿ ಒಂದೇ ಕಡೆ ಎಳೆಯುವುದು, ಸುಟ್ಟ ವಾಸನೆ, ಡೀಸೆಲ್ ಹೆಚ್ಚು ಕುಡಿಯುವುದು, ಇಳಿಜಾರಿನಲ್ಲೂ ಗಾಡಿ ತಾನಾಗಿ ಉರುಳದಿರುವುದು, ಇವೆಲ್ಲ ಅದೇ ಮಾತನ್ನು ಹೇಳುತ್ತವೆ. ದಾರಿಯಲ್ಲಿ ಹೀಗೆ ಕಂಡರೆ ಊರು ಹತ್ತಿರವಿದೆ ಎಂದು ಓಡಿಸಬೇಡಿ. ಬದಿಗೆ ನಿಲ್ಲಿಸಿ, ಆರಲು ಬಿಡಿ. ಕಾದ ಗಾಲಿಗೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಾಗಬಹುದು, ಬಿರುಕು ಬಿಡಬಹುದು. ಆರಿದ ಮೇಲೂ ಅದನ್ನು ಓಡಿಸದೆ ಬೇರೆ ಗಾಡಿ ತರಿಸಿರಿ.

ಕಬ್ಬು ಸಾಗಿಸುವ ಬಾಂಧವರಿಗೂ ಒಂದು ಮಾತು. ಆ ರಾತ್ರಿ ಟ್ರಾಲಿಯ ಹಿಂದೆ ಒಂದು ಕೆಂಪು ದೀಪ ಅಥವಾ ಹೊಳೆಯುವ ಪಟ್ಟಿ ಇದ್ದಿದ್ದರೆ ನಮ್ಮ ಸದಸ್ಯರಿಗೆ ಅದು ದೂರದಿಂದಲೇ ಕಾಣುತ್ತಿತ್ತು. ಕೆಟ್ಟು ನಿಂತ ಟ್ರಾಲಿಯ ಹಿಂದೆ ದೀಪ ಇಡದೆ ಬಿಟ್ಟು ಹೋಗಬೇಡಿ.

ಕಡಿದ ಕಬ್ಬು ಒಣಗಿದರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಅದಕ್ಕೇ ಹಂಗಾಮಿನಲ್ಲಿ ನಮಗೆಲ್ಲ ಅವಸರ. ಆ ಅವಸರದಲ್ಲಿಯೇ ನಾನು ಆ ದಿನ ಮಾತು ಹೇಳಿದೆ. ಕಬ್ಬಿನ ನಷ್ಟ ಮುಂದಿನ ಬೆಳೆಯಲ್ಲಿ ತುಂಬಿ ಬಂದೀತು. ಬ್ರೇಕಿನ ನಷ್ಟ ತುಂಬಿ ಬರುವಂಥದ್ದಲ್ಲ.

ಕೊನೆಗೆ ಒಂದು ವಿನಂತಿ. ಈ ಮಾತು ಕೇಳಿದಿರೆಂದು ಎಲ್ಲರೂ ಪಾನಾ ಹಿಡಿದು ಕೂಡಬೇಕೆಂದಿಲ್ಲ. ಕೈ ಪಳಗಿದವರು ಮಾಡಿರಿ, ಉಳಿದವರು ಮಿಸ್ತ್ರಿಗೆ ಕೊಡಿರಿ. ಆದರೆ ಹತ್ತಿರ ನಿಂತು ನೋಡಿರಿ. "ಬೂಟ್ ಹ್ಯಾಂಗದ? ಪಿಸ್ಟನ್ ಕೈಲೇ ಸರೀತದೇನು?" ಎಂದು ಕೇಳಿರಿ. ಅವನು ಕ್ಲಾಂಪಿಗೆ ಪೈಪ್ ಹಾಕಲು ಹೋದರೆ ಕೈ ಹಿಡಿಯಿರಿ. ಇನ್ನು ಮುಂದೆ ನನಗೆ ಫೋನ್ ಮಾಡಿ ಕಬ್ಬಿನ ವಿಷಯ ಕೇಳಿದರೆ ತಿಳಿದಷ್ಟು ಹೇಳುತ್ತೇನೆ. ತಿಳಿಯದ್ದನ್ನು ಕೇಳಿದರೆ ತಿಳಿಯದು ಎಂದೇ ಹೇಳುತ್ತೇನೆ. ಆಗ ಯಾರೂ ಬೇಸರ ಮಾಡಿಕೊಳ್ಳಬಾರದು.

ಎಲ್ಲರಿಗೂ ಹಂಗಾಮು ಸುಖವಾಗಿ ಸಾಗಲಿ.